ಬೇಯಿಸದ ಸಸ್ಯಾಹಾರ: ಸಸಾರಜನಕದ ಲೆಕ್ಕ, ಹೊಟ್ಟೆಯುಬ್ಬರದ ತೊಡಕು



ಬೆಂಕಿ ಸೋಕದ ಆಹಾರದಿಂದಲೇ ಬದುಕು ಸಾಗಿಸಬೇಕೆಂಬ ಹಂಬಲ ನಮ್ಮ ದೇಶಕ್ಕೆ ಹೊಸತಲ್ಲ. ಕಂದಮೂಲ ಫಲಗಳ ಮೇಲೆ ಜೀವಿಸಿದ ಋಷಿಮುನಿಗಳ ಕಥೆಗಳನ್ನು ಕೇಳುತ್ತ ಬೆಳೆದ ಸಮಾಜ ಇದು. ಇತ್ತೀಚಿನ ವರ್ಷಗಳಲ್ಲಿ ಈ ಹಂಬಲಕ್ಕೆ ಇನ್ನೊಂದು ರೂಪ ಬಂದಿದೆ. ಮಾಂಸ, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ತುಪ್ಪ, ಜೇನುಗಳನ್ನೂ ವರ್ಜಿಸುವ ‘ವೀಗನ್’ ಪದ್ಧತಿಯನ್ನು ಕೆಲವರು ಕೈಗೊಂಡಿದ್ದಾರೆ. ಅವರಲ್ಲಿ ಕೆಲವರು ಮತ್ತೊಂದು ಹೆಜ್ಜೆ ಮುಂದೆ ಹೋಗಿ ಒಲೆಯನ್ನೇ ಆರಿಸಿದ್ದಾರೆ. ಪ್ರಾಣಿದಯೆ, ತೂಕ ಇಳಿಸುವ ಬಯಕೆ, ಸಕ್ಕರೆ ಕಾಯಿಲೆಯ ಭಯ, ಪ್ರಕೃತಿಗೆ ಹತ್ತಿರವಾಗಿರಬೇಕೆಂಬ ಆಸೆ, ಹೀಗೆ ಕಾರಣಗಳು ಹಲವು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಅವರ ಮುಂದೆ ಬಂದು ನಿಲ್ಲುವ ಪ್ರಶ್ನೆಗಳು ಬಹುಮಟ್ಟಿಗೆ ಎರಡೇ. ದೇಹಕ್ಕೆ ಬೇಕಾದಷ್ಟು ಸಸಾರಜನಕ, ಅಂದರೆ ಪ್ರೋಟೀನು, ಎಲ್ಲಿಂದ ಬರಬೇಕು? ಉಂಡ ಕೆಲವು ತಾಸುಗಳಲ್ಲಿ ಹೊಟ್ಟೆ ನಗಾರಿಯಂತೆ ಬಿಗಿದುಕೊಳ್ಳುವುದಕ್ಕೆ ಉಪಾಯವೇನು?

ಮೇಲುನೋಟಕ್ಕೆ ಇವು ಎರಡು ಪ್ರಶ್ನೆಗಳು, ಮೂಲದಲ್ಲಿ ಒಂದೇ. ಸಸಾರಜನಕವನ್ನು ಕೊಡುವ ಕಾಳೇ ಹೊಟ್ಟೆಯುಬ್ಬರವನ್ನೂ ಕೊಡುತ್ತದೆ. ಉಬ್ಬರಕ್ಕೆ ಹೆದರಿ ಕಾಳನ್ನು ಬಿಟ್ಟವರು ಬರೀ ಹಣ್ಣು, ಸೊಪ್ಪುಗಳನ್ನು ನೆಚ್ಚಿ ದಿನೇ ದಿನೇ ಕೃಶರಾಗುತ್ತಾರೆ. ಸಸಾರಜನಕಕ್ಕಾಗಿ ಹಸಿ ಕಾಳನ್ನು ಬೊಗಸೆಗಟ್ಟಲೆ ತಿಂದವರು ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ. ಆದ್ದರಿಂದ ಯಾವ ಕಾಳು, ಎಷ್ಟು, ಹೇಗೆ ಸಿದ್ಧಪಡಿಸಿದ್ದು ಎಂಬುದರ ಮೇಲೆಯೇ ಈ ಪದ್ಧತಿಯ ಸಫಲತೆ ನಿಂತಿದೆ.

ಈ ತೊಡಕನ್ನು ತಮ್ಮ ದೇಹದ ಮೇಲೆಯೇ ಪರೀಕ್ಷಿಸಿ, ಫಲಿತಾಂಶವನ್ನು ಮುಚ್ಚಿಡದೆ ಬರೆದಿಟ್ಟವರು ಮಹಾತ್ಮ ಗಾಂಧಿಯವರು. 1893ರಲ್ಲಿ, ಇನ್ನೂ ತರುಣ ವಕೀಲರಾಗಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿದ್ದಾಗ, ಅವರು ನೆನೆಸಿದ ಗೋಧಿ, ಬಟಾಣಿ, ಅಕ್ಕಿ, ಒಣದ್ರಾಕ್ಷಿ, ಬೀಜಗಳು ಮತ್ತು ಕಿತ್ತಳೆಯ ಮೇಲೆ ಜೀವಿಸಲು ಪ್ರಯತ್ನಿಸಿದರು. ಎರಡು ವಾರ ತುಂಬುವ ಮೊದಲೇ ನಿಶ್ಶಕ್ತಿ ಆವರಿಸಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಅದರ ವಿವರವನ್ನು 1894ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂವತ್ತಾರು ವರ್ಷಗಳ ಅನಂತರ, 1929ರ ಮೇ ತಿಂಗಳಿನಲ್ಲಿ, ಆಂಧ್ರ ಪ್ರವಾಸದ ಕಾಲದಲ್ಲಿ ರಾಜಮಹೇಂದ್ರಿಯ ಗೋಪಾಲರಾವ್ ಎಂಬವರ ಪ್ರೇರಣೆಯಿಂದ ಮತ್ತೆ ಆ ಪ್ರಯೋಗಕ್ಕೆ ಕೈಹಾಕಿದರು. ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅವರು ಕೊಟ್ಟ ದಿನದ ಆಹಾರದ ಪಟ್ಟಿ ಇಂದಿಗೂ ಕುತೂಹಲ ಹುಟ್ಟಿಸುವಂಥದು: ಮೊಳಕೆ ಬಂದ ಗೋಧಿ ಎಂಟು ತೊಲ, ಅರೆದ ಬಾದಾಮಿ ಎಂಟು ತೊಲ, ಅರೆದ ಹಸಿರೆಲೆ ಎಂಟು ತೊಲ, ಆರು ನಿಂಬೆಹಣ್ಣು, ಎರಡು ಔನ್ಸು ಜೇನುತುಪ್ಪ. ವಾರದಲ್ಲಿ ಕೆಲವು ದಿನ ಗೋಧಿಯ ಬದಲು ಮೊಳಕೆ ಕಡಲೆ.

ಇಂದಿನ ಪೋಷಣಶಾಸ್ತ್ರದ ಅಳತೆಗೋಲಿನಿಂದ ಈ ಪಟ್ಟಿಯನ್ನು ನೋಡಬಹುದು. ಎಂಟು ತೊಲವೆಂದರೆ ಸುಮಾರು 93 ಗ್ರಾಂ. ಅಷ್ಟು ಬಾದಾಮಿಯಲ್ಲಿ ಸಸಾರಜನಕ ಸುಮಾರು 17 ಗ್ರಾಂ. ಮೊಳಕೆ ಗೋಧಿಯ ತೂಕದಲ್ಲಿ ನೀರಿನ ಪಾಲು ದೊಡ್ಡದಾದ್ದರಿಂದ ಅದರಿಂದ ಆರೇಳು ಗ್ರಾಂ, ಸೊಪ್ಪಿನಿಂದ ಎರಡು ಮೂರು ಗ್ರಾಂ. ಎಲ್ಲ ಸೇರಿದರೂ ಮೂವತ್ತು ಗ್ರಾಂ ಮುಟ್ಟುವುದು ಕಷ್ಟ. ಆಗ ಗಾಂಧೀಜಿಯವರ ತೂಕ ನೂರು ಪೌಂಡಿನ, ಅಂದರೆ 45 ಕಿಲೋಗ್ರಾಂನ, ಆಸುಪಾಸು. ಆ ತೂಕಕ್ಕೆ ಈಗಿನ ಶಿಫಾರಸಿನಂತೆ 37 ಗ್ರಾಂ ಬೇಕು. ಇನ್ನು ಶಾಖಶಕ್ತಿಯ ಲೆಕ್ಕ ಹಾಕಿದರೆ ಪಟ್ಟಿ ಸಾವಿರ ಕಿಲೋಕ್ಯಾಲೊರಿಗಳ ಸುತ್ತಮುತ್ತ ನಿಲ್ಲುತ್ತದೆ. ದೇಹಕ್ಕೆ ಉರುವಲೇ ಸಾಲದಾದಾಗ ಅದು ಸಸಾರಜನಕವನ್ನೂ ಉರುವಲಾಗಿ ಸುಟ್ಟುಬಿಡುತ್ತದೆ. ಸ್ನಾಯುಗಳನ್ನು ಕಟ್ಟುವುದಕ್ಕೆ ಉಳಿಯುವುದು ಇನ್ನೂ ಕಡಿಮೆ. ಅದೇ ವರ್ಷದ ಆಗಸ್ಟ್ ವೇಳೆಗೆ ಆಮಶಂಕೆ ಕಾಡಿತು. ಗಾಂಧೀಜಿ ಬೇಯಿಸದ ಆಹಾರವನ್ನು ಬಿಟ್ಟು ಮೇಕೆಯ ಹಾಲಿಗೆ ಮರಳಿದರು. ಹಾಲಿಗೆ ಸಮನಾದ ಸಸ್ಯಮೂಲದ ಪದಾರ್ಥವೊಂದನ್ನು ಕಂಡುಕೊಳ್ಳಬೇಕೆಂಬುದು ಅವರ ಬಹುಕಾಲದ ಆಸೆಯಾಗಿತ್ತು. ಅದು ತಮಗೆ ದೊರೆಯಲಿಲ್ಲವೆಂಬುದನ್ನೂ ಅವರೇ ಹೇಳಿದ್ದಾರೆ. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದಾಗ ಬರೆದ ಆರೋಗ್ಯದ ಪುಸ್ತಕದಲ್ಲಿ, ಬೇಳೆಕಾಳು ಜೀರ್ಣಕ್ಕೆ ಜಡವೆಂದೂ, ಹಾಲು ದೊರೆಯುವವರು, ಕುಳಿತು ಕೆಲಸ ಮಾಡುವವರು ಅದಿಲ್ಲದೆಯೂ ಇರಬಹುದೆಂದೂ, ಹಾಲು ಸಾಲದ ಶ್ರಮಜೀವಿಗಳು ಮಾತ್ರ ಬೇಳೆಯನ್ನು ಬಿಡಲಾರರೆಂದೂ ಬರೆದರು. ಹಾಲನ್ನೇ ತ್ಯಜಿಸಿದವರಿಗೆ ಈ ಮಾತು ಮುಖ್ಯ. ಅವರು ಬೇಳೆಕಾಳನ್ನು ಬಿಡುವ ಸ್ಥಿತಿಯಲ್ಲಿಲ್ಲ.

ಹಾಗಾದರೆ ಎಷ್ಟು ಸಸಾರಜನಕ ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ. ಅರುವತ್ತೈದು ಕಿಲೋ ತೂಗುವ ಗಂಡಸಿಗೆ 54 ಗ್ರಾಂ, ಐವತ್ತೈದು ಕಿಲೋ ತೂಗುವ ಹೆಂಗಸಿಗೆ 46 ಗ್ರಾಂ ಎಂದಾಯಿತು. ಇದು ಅಸಾಧ್ಯವಾದ ಅಳತೆಯೇನಲ್ಲ. ಆದರೆ ಸಸಾರಜನಕದ ತೂಕವಷ್ಟೇ ಅಲ್ಲ, ಅದರ ಗುಣವನ್ನೂ ನೋಡಬೇಕು. ಸಸಾರಜನಕವು ಅಮೈನೋ ಆಮ್ಲಗಳೆಂಬ ಇಟ್ಟಿಗೆಗಳಿಂದ ಕಟ್ಟಿದ್ದು. ಅವುಗಳಲ್ಲಿ ಒಂಬತ್ತನ್ನು ದೇಹ ತಾನಾಗಿ ತಯಾರಿಸಿಕೊಳ್ಳಲಾರದು. ಬೇಳೆಕಾಳುಗಳಲ್ಲಿ ಲೈಸೀನ್ ಧಾರಾಳ, ಮಿಥಿಯೊನೀನ್ ಕೊರತೆ. ಧಾನ್ಯ ಮತ್ತು ಎಳ್ಳಿನಲ್ಲಿ ಇದಕ್ಕೆ ತದ್ವಿರುದ್ಧ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಒಂದೇ ತುತ್ತಿನಲ್ಲಿ ಉಣ್ಣಬೇಕೆಂದಿಲ್ಲ. ದಿನವೊಂದರಲ್ಲಿ ಎರಡೂ ಹೊಟ್ಟೆ ಸೇರಿದರೆ ಸಾಕು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಕಡಲೆಕಾಯಿ ಹಿಂಡಿಯ ಹಿಟ್ಟಿನ ಮೂರು ಪಾಲಿಗೆ ಕಡಲೆ ಹಿಟ್ಟಿನ ಒಂದು ಪಾಲು ಬೆರೆಸಿ, ಜೀವಸತ್ವಗಳನ್ನು ಸೇರಿಸಿ ತಯಾರಿಸಿದ ಬಹೂಪಯೋಗಿ ಆಹಾರವು ಸಸ್ಯಮೂಲದ ಸಸಾರಜನಕಗಳನ್ನು ಹೀಗೆ ಜೋಡಿಸಿದ್ದೇ ಆಗಿತ್ತು. ಅದು ಬಿಸಿಯಲ್ಲಿ ಹದಗೊಳಿಸಿದ ಆಹಾರವೆಂಬುದನ್ನು ಮಾತ್ರ ಮರೆಯಬಾರದು.

ಬಿಸಿ ಏಕೆ ಬೇಕಾಯಿತು? ಕಾಳೆಂಬುದು ಮನುಷ್ಯನ ಊಟಕ್ಕೆಂದು ಹುಟ್ಟಿದ್ದಲ್ಲ, ತನ್ನ ಸಂತತಿಗೆಂದು ಹುಟ್ಟಿದ್ದು. ಹುಳು ಹುಪ್ಪಟೆ, ಪ್ರಾಣಿಪಕ್ಷಿಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಕೆಲವು ವಸ್ತುಗಳನ್ನು ಒಡಲೊಳಗೆ ಇಟ್ಟುಕೊಂಡಿದೆ. ಅವುಗಳಲ್ಲೊಂದು, ಸಸಾರಜನಕವನ್ನು ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಹಿಡಿಯುವಂಥದು. ಹಸಿ ಕಾಳಿನಲ್ಲಿ ಇದು ಇರುವುದರಿಂದ ತಿಂದ ಸಸಾರಜನಕವೆಲ್ಲ ದೇಹಕ್ಕೆ ದಕ್ಕುವುದಿಲ್ಲ. ಬೇಯಿಸಿದಾಗ ಅದರ ಬಹುಪಾಲು ನಾಶವಾಗುತ್ತದೆ. ಮೊಳಕೆ ಬರಿಸಿದಾಗ ಸ್ವಲ್ಪ ಮಾತ್ರ ತಗ್ಗುತ್ತದೆ. ಆದ್ದರಿಂದ ಹಸಿ ಆಹಾರದವರು ಶಿಫಾರಸಿನ ಅಳತೆಗಿಂತ ತುಸು ಹೆಚ್ಚೇ ಸಸಾರಜನಕವನ್ನು ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಇನ್ನು ಹೊಟ್ಟೆಯುಬ್ಬರದ ವಿಚಾರ. ಕಾಳುಗಳಲ್ಲಿ ರ‍್ಯಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್ ಎಂಬ ಸಕ್ಕರೆಯ ಜಾತಿಯ ವಸ್ತುಗಳಿವೆ. ಇವುಗಳನ್ನು ಒಡೆಯಬಲ್ಲ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅವು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿ ಕಾದು ಕುಳಿತ ಕೋಟ್ಯಂತರ ಸೂಕ್ಷ್ಮಜೀವಿಗಳಿಗೆ ಅದೇ ಹಬ್ಬದೂಟ. ಅವು ಇದನ್ನು ಹುದುಗಿಸುವಾಗ ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಅನಿಲಗಳು ಹುಟ್ಟುತ್ತವೆ. ಕರುಳು ಬಿಗಿಯುತ್ತದೆ, ಗುಡುಗುಡು ಸದ್ದಾಗುತ್ತದೆ. ಇದು ರೋಗವಲ್ಲ, ವಿಷವೂ ಅಲ್ಲ. ಈ ಹುದುಗುವಿಕೆಯಿಂದ ಕರುಳಿನ ಒಳಪದರಕ್ಕೆ ಒಳ್ಳೆಯದೂ ಆಗುತ್ತದೆ. ತೊಂದರೆಯಿರುವುದು ಪ್ರಮಾಣದಲ್ಲಿ. ನಿನ್ನೆಯವರೆಗೆ ಅನ್ನ, ಸಾರು, ಮಜ್ಜಿಗೆಗೆ ಒಗ್ಗಿದ್ದ ಕರುಳಿನ ಮೇಲೆ ಇಂದು ಒಮ್ಮೆಲೇ ಕಾಳು, ಸೊಪ್ಪು, ಹಸಿ ಎಲೆಕೋಸು, ಐದಾರು ಹಣ್ಣುಗಳನ್ನು ಹೇರಿದರೆ ಅದು ಪ್ರತಿಭಟಿಸುವುದು ಸಹಜ.

ಆ ವಸ್ತುಗಳನ್ನು ತಗ್ಗಿಸುವ ಮಾರ್ಗವನ್ನು ಕನ್ನಡಿಗರ ಮನೆಗಳು ಬಹುಕಾಲದಿಂದ ಬಲ್ಲವು. ರಾಮನವಮಿಯ ದಿನ ಪಾನಕದ ಜೊತೆಗೆ ಹಂಚುವ ಕೋಸಂಬರಿಯನ್ನು ನೆನೆದರೆ ಸಾಕು. ಹೆಸರುಬೇಳೆಯನ್ನು ನೆನೆಹಾಕಿ, ನೀರನ್ನು ಬಸಿದು ಚೆಲ್ಲಿ, ಸೌತೆಕಾಯಿ, ತೆಂಗಿನತುರಿ, ನಿಂಬೆರಸ, ಕೊತ್ತಂಬರಿ ಸೊಪ್ಪು ಬೆರೆಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರೆ ಕೋಸಂಬರಿ. ತೆಲುಗರು ಇದನ್ನೇ ವಡಪಪ್ಪು ಎಂದು ಮಾಡುತ್ತಾರೆ. ಹೈದರಾಬಾದಿನ ಕನ್ನಡಿಗರಿಗೆ ಆ ಹೆಸರೂ ಪರಿಚಿತ. ಈ ಒಂದು ಅಡುಗೆಯಲ್ಲಿ ನಾಲ್ಕು ವಿವೇಕಗಳಿವೆ. ಕಾಳುಗಳ ಪೈಕಿ ಹಗುರವಾದ ಹೆಸರನ್ನು ಆರಿಸಿಕೊಂಡದ್ದು ಒಂದು. ನಾರು ತುಂಬಿದ ಸಿಪ್ಪೆಯನ್ನು ತೆಗೆದ ಬೇಳೆಯನ್ನು ಬಳಸಿದ್ದು ಇನ್ನೊಂದು. ನೆನೆಸಿದ ನೀರನ್ನು ಚೆಲ್ಲುವುದರಿಂದ ವಾಯುಕಾರಕ ಸಕ್ಕರೆಗಳ ಒಂದು ಪಾಲು ಅದರೊಂದಿಗೆ ಹೋಗುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಬಾಳೆಯೆಲೆಯ ಮೇಲೆ ಕೋಸಂಬರಿ ಬೀಳುವುದು ಎರಡು ಚಮಚ, ಸೌಟುಗಟ್ಟಲೆ ಅಲ್ಲ. ಅಂದಹಾಗೆ, ಒಗ್ಗರಣೆಯ ಎಣ್ಣೆ ಕಾಯಿಸಿದ್ದೆಂದು ಕಟ್ಟುನಿಟ್ಟಿನ ಹಸಿ ಆಹಾರದವರು ಅದನ್ನು ಬಿಟ್ಟರೆ ನಷ್ಟವೇನೂ ಇಲ್ಲ. ಹಸಿ ಶುಂಠಿಯ ತುರಿ ಆ ಸ್ಥಾನವನ್ನು ಚೆನ್ನಾಗಿ ತುಂಬುತ್ತದೆ. ಶುಂಠಿಯು ಜಠರದಿಂದ ಆಹಾರ ಬೇಗ ಮುಂದೆ ಸಾಗಲು ನೆರವಾಗುತ್ತದೆಂಬುದಕ್ಕೆ ಪರೀಕ್ಷೆಗಳ ಆಧಾರವೂ ಇದೆ.

ಕೋಸಂಬರಿಗಿಂತ ಒಂದು ಹೆಜ್ಜೆ ಮುಂದಿನದು ಮೊಳಕೆ. ಇಡೀ ಹೆಸರುಕಾಳನ್ನು ಎಂಟು ಹತ್ತು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಎರಡು ಸಲ ತೊಳೆದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಟ್ಟರೆ ಒಂದು ದಿನದಿಂದ ಎರಡು ದಿನದೊಳಗೆ ಮೊಳಕೆ ಬರುತ್ತದೆ. ಮೊಳೆಯುವ ಬೀಜ ತನ್ನ ಬೆಳವಣಿಗೆಗಾಗಿ ಮೊದಲು ಖರ್ಚು ಮಾಡುವ ದಾಸ್ತಾನುಗಳಲ್ಲಿ ಈ ರ‍್ಯಾಫಿನೋಸ್ ಜಾತಿಯ ಸಕ್ಕರೆಗಳೂ ಸೇರಿವೆ. ಆದ್ದರಿಂದ ಚೆನ್ನಾಗಿ ಮೊಳೆತ ಕಾಳು ಬರೀ ನೆನೆಸಿದ ಕಾಳಿಗಿಂತ ಹೊಟ್ಟೆಗೆ ಹಗುರ. ಕಬ್ಬಿಣ, ಸತುಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಸಹ ತಗ್ಗುತ್ತದೆ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಅಲ್ಪವಾಗಿದ್ದ ‘ಸಿ’ ಜೀವಸತ್ವ ಹೊಸದಾಗಿ ಹುಟ್ಟುತ್ತದೆ. ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣ ಇನ್ನೂ ಚೆನ್ನಾಗಿ ದೇಹಕ್ಕೆ ಹತ್ತುತ್ತದೆ. ಮುಂಬಯಿ, ಪುಣೆಗಳ ಸಂತೆಗಳಲ್ಲಿ ‘ಮಟಕಿ’ ಎಂದು ಸಿದ್ಧ ಮೊಳಕೆಯಾಗಿ ದೊರೆಯುವ ಮಡಕಿ ಕಾಳು ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಮರಾಠಿ ಮನೆಗಳಲ್ಲಿ ಅದನ್ನು ಬೇಯಿಸಿ ಉಸಳ ಮಾಡುವುದೇ ರೂಢಿ.

ಮೊಳಕೆಯ ಬಗ್ಗೆ ಹಬ್ಬಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಬೇಕು. ಮೊಳಕೆ ಬಂದಾಗ ಸಸಾರಜನಕ ಎರಡರಷ್ಟು, ಮೂರರಷ್ಟು ಆಗುತ್ತದೆಂದು ಅನೇಕರು ನಂಬಿದ್ದಾರೆ. ಹಾಗೇನೂ ಇಲ್ಲ. ಹೆಚ್ಚುವುದು ನೀರು. ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದ್ದರೆ, ಅಷ್ಟೇ ತೂಕದ ಮೊಳಕೆಯಲ್ಲಿ ಅದರ ಮೂರನೆಯ ಒಂದು ಪಾಲು ಮಾತ್ರ. ಬಾಲ ಉದ್ದವಾದಷ್ಟೂ ಇನ್ನೂ ಕಡಿಮೆ. ಆದ್ದರಿಂದ ಲೆಕ್ಕವನ್ನು ಯಾವಾಗಲೂ ನೆನೆಹಾಕುವ ಮುಂಚಿನ ಒಣಕಾಳಿನ ತೂಕದಿಂದಲೇ ಮಾಡಬೇಕು.

ಎಲ್ಲ ಕಾಳೂ ಹೆಸರಲ್ಲ ಎಂಬ ಎಚ್ಚರ ಇದಕ್ಕಿಂತ ದೊಡ್ಡದು. ರಾಜ್ಮಾವನ್ನು ಹಸಿಯಾಗಿ ತಿನ್ನುವುದು ಅಪಾಯ. ಅದರಲ್ಲಿರುವ ಲೆಕ್ಟಿನ್ ಎಂಬ ವಸ್ತುವಿನಿಂದ ನಾಲ್ಕೈದು ಹಸಿ ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ, ಭೇದಿ ಕಾಣಿಸಿಕೊಳ್ಳಬಹುದು. ಮೊಳಕೆ ಬರಿಸಿದರೂ ಆ ದೋಷವನ್ನು ನೆಚ್ಚಿಕೆಯಿಂದ ಕಳೆಯಲಾಗುವುದಿಲ್ಲ; ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಲೇಬೇಕು. ದೆಹಲಿಯ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು, ಅಲ್ಲಿ ರಾಜ್ಮಾ ಮನೆಮನೆಯ ಕಾಳು. ಸೋಯಾ ಅವರೆಯಲ್ಲಿ ಸಸಾರಜನಕ ಎಲ್ಲಕ್ಕಿಂತ ಹೆಚ್ಚು, ನೂರಕ್ಕೆ 35ಕ್ಕೂ ಮೇಲೆ; ಆದರೆ ಕಿಣ್ವವನ್ನು ತಡೆಯುವ ವಸ್ತುವೂ ಅದರಲ್ಲಿ ಬಹಳ. ಆದುದರಿಂದ ಅದನ್ನೂ ಹಸಿಯಾಗಿ ತಿನ್ನಲಾಗದು. ಒಣ ಅವರೆಕಾಳು, ಹುರುಳಿ, ತೊಗರಿ ಇವು ಸಹ ಬೇಯಿಸಿ ತಿನ್ನತಕ್ಕವು. ಕಡಲೆಯ ಮೊಳಕೆಯನ್ನು ಕೆಲವರು ತಾಳಿಕೊಳ್ಳುತ್ತಾರೆ, ಹಲವರು ತಾಳಿಕೊಳ್ಳಲಾರರು. ಹೆಸರಿಗಿಂತ ಅದು ವಾಯುಕಾರಕ. ಚೆನ್ನೈನ ಕಡಲತೀರದಲ್ಲಿ ಮಾರುವ ಸುಂಡಲ್ ಬೆಂದ ಕಾಳಿನದು ಎಂಬುದು ಸುಮ್ಮನಲ್ಲ.

ಕಾಳಿನ ಮೇಲಿನ ಹೊರೆಯನ್ನು ಹಂಚಿಕೊಳ್ಳಲು ಎಣ್ಣೆಬೀಜಗಳಿವೆ. ಕಡಲೆಕಾಯಿ ಬೀಜದಲ್ಲಿ ನೂರಕ್ಕೆ ಸುಮಾರು 24, ಎಳ್ಳಿನಲ್ಲಿ 21, ಬಾದಾಮಿಯಲ್ಲಿ 18 ಗ್ರಾಂ ಸಸಾರಜನಕ. ಕುಂಬಳಬೀಜದ ತಿರುಳಿನಲ್ಲಿ ಇವಕ್ಕಿಂತ ಹೆಚ್ಚು. ಇವುಗಳಲ್ಲಿ ವಾಯುಕಾರಕ ಸಕ್ಕರೆಗಳು ಕಾಳಿಗಿಂತ ಕಡಿಮೆ, ಶಾಖಶಕ್ತಿ ಹೆಚ್ಚು. ಬಡವರ ಬಾದಾಮಿಯೆನಿಸಿದ ಕಡಲೆಕಾಯಿಯನ್ನು ರಾತ್ರಿ ನೆನೆಸಿ ಬೆಳಿಗ್ಗೆ ಚೆನ್ನಾಗಿ ಅಗಿದು ತಿನ್ನುವುದು ದುಬಾರಿ ಬೀಜಗಳನ್ನು ಕೊಳ್ಳುವುದಕ್ಕಿಂತ ಲೇಸು. ಮುದುಡಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜಗಳನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ಎಸೆಯಬೇಕು. ಅವುಗಳಲ್ಲಿ ಯಕೃತ್ತಿಗೆ ಮಾರಕವಾದ ಅಫ್ಲಟಾಕ್ಸಿನ್ ಇರಬಹುದು.

ಅರುವತ್ತು ಕಿಲೋ ತೂಗುವ ಒಬ್ಬರ ದಿನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅವರಿಗೆ ಬೇಕಾದದ್ದು 50 ಗ್ರಾಂ. ಐವತ್ತು ಗ್ರಾಂ ಒಣ ಹೆಸರುಕಾಳಿನ ಮೊಳಕೆಯಿಂದ 11, ನಲವತ್ತು ಗ್ರಾಂ ಕಡಲೆಕಾಯಿಯಿಂದ 9 ರಿಂದ 10, ಇಪ್ಪತ್ತು ಗ್ರಾಂ ಎಳ್ಳಿನಿಂದ 4, ಇಪ್ಪತ್ತು ಬಾದಾಮಿಯಿಂದ 4, ಇಪ್ಪತ್ತು ಗ್ರಾಂ ಕುಂಬಳಬೀಜದಿಂದ 5 ರಿಂದ 6, ಅರ್ಧ ಹೋಳು ತೆಂಗಿನಕಾಯಿಯಿಂದ ಎರಡು ಮೂರು, ತರಕಾರಿ ಮತ್ತು ಸೊಪ್ಪು ಅರ್ಧ ಕಿಲೋದಷ್ಟಾದರೆ 6 ರಿಂದ 8, ಹಣ್ಣುಗಳಿಂದ ಮೂರು. ಒಟ್ಟು ನಲವತ್ತೈದರಿಂದ ಐವತ್ತರ ಅಂಚಿಗೆ ಬಂದು ನಿಲ್ಲುತ್ತದೆ. ಎಂಬತ್ತು ಗ್ರಾಂ ಅವಲಕ್ಕಿಯನ್ನು ನೆನೆಸಿ ಸೇರಿಸಿದರೆ ಇನ್ನೊಂದು ಆರು ಗ್ರಾಂ ಬಂದು ಲೆಕ್ಕ ಸರಿಹೋಗುತ್ತದೆ. ಅವಲಕ್ಕಿಯನ್ನು ಹಸಿ ಆಹಾರವೆಂದು ಭಾವಿಸುವವರುಂಟು. ವಾಸ್ತವದಲ್ಲಿ ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಮಾಡಿದ್ದದು. ಬೆಂಕಿಯನ್ನು ಒಮ್ಮೆ ಕಂಡು ಬಂದ ಅವಲಕ್ಕಿಯನ್ನು ಒಪ್ಪುವುದೇ ಜಾಣತನ. ಈ ಪಟ್ಟಿಯಲ್ಲಿ ಸಸಾರಜನಕ ಕೂಡಿಬಂದರೂ ಶಾಖಶಕ್ತಿ ಹದಿನಾರು ನೂರು ಕಿಲೋಕ್ಯಾಲೊರಿಗಳ ಸುತ್ತಲೇ ಇರುತ್ತದೆ. ದೈಹಿಕ ಶ್ರಮ ಮಾಡುವವರು ಬಾಳೆಹಣ್ಣು, ಖರ್ಜೂರ, ತೆಂಗಿನಕಾಯಿಗಳನ್ನು ಇನ್ನೂ ಹೆಚ್ಚಿಸದಿದ್ದರೆ ಗಾಂಧೀಜಿಯವರ ಪಟ್ಟಿಗೆ ಒದಗಿದ ಗತಿಯೇ ಇದಕ್ಕೂ ಒದಗುತ್ತದೆ.

ಈ ಇಡೀ ಪಟ್ಟಿಯನ್ನು ಮೊದಲ ದಿನವೇ ಹೊಟ್ಟೆಗೆ ಹಾಕಬಾರದು. ಮೊದಲ ವಾರ ದಿನಕ್ಕೆ ಒಂದು ದೊಡ್ಡ ಚಮಚ ಮೊಳಕೆ, ಮುಂದಿನ ವಾರ ಎರಡು, ಹೀಗೆ ಏರಿಸಿಕೊಂಡು ಹೋದರೆ ಕರುಳಿನ ಸೂಕ್ಷ್ಮಜೀವಿಗಳೂ ಹೊಂದಿಕೊಳ್ಳುತ್ತವೆ. ಐವತ್ತು ಗ್ರಾಂ ಕಾಳನ್ನು ಒಂದೇ ಹೊತ್ತಿಗೆ ತಿನ್ನುವ ಬದಲು ಎರಡು ಮೂರು ಹೊತ್ತಿಗೆ ಹಂಚಿಕೊಳ್ಳಬೇಕು. ಹಸಿ ಆಹಾರವನ್ನು ಅಗಿಯಲು ಬೆಂದ ಅನ್ನಕ್ಕಿಂತ ಹೆಚ್ಚು ಸಮಯ ಬೇಕು. ಗಡಿಬಿಡಿಯಲ್ಲಿ ನುಂಗುವವರು ಕಾಳಿನೊಂದಿಗೆ ಗಾಳಿಯನ್ನೂ ನುಂಗುತ್ತಾರೆ. ಲೋಕಲ್ ರೈಲು ಹಿಡಿಯುವ ಅವಸರದಲ್ಲಿ ಹತ್ತು ನಿಮಿಷದಲ್ಲಿ ಮುಗಿಸುವ ಊಟ ಇದಲ್ಲ. ಹಲ್ಲು ಸರಿಯಿಲ್ಲದ ವೃದ್ಧರು ಅರೆದು ತಿನ್ನುವುದು ಲೇಸು. ನಾರು ಹೆಚ್ಚಾದಷ್ಟೂ ನೀರನ್ನೂ ಹೆಚ್ಚಿಸಬೇಕು, ಇಲ್ಲವಾದರೆ ಉಬ್ಬರದ ಜೊತೆ ಮಲಬದ್ಧತೆಯೂ ಸೇರಿಕೊಳ್ಳುತ್ತದೆ.

ಉಬ್ಬರದ ಆಪಾದನೆಯನ್ನೆಲ್ಲ ಕಾಳಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಹಸಿ ಈರುಳ್ಳಿ, ಬೆಳ್ಳುಳ್ಳಿ, ಎಲೆಕೋಸು, ಹೂಕೋಸುಗಳು ಅದೇ ಕೆಲಸ ಮಾಡುತ್ತವೆ. ಸೇಬು, ಮಾವು, ಕಲ್ಲಂಗಡಿಗಳಲ್ಲಿರುವ ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆ ಮಿತಿಮೀರಿದರೆ ಅನೇಕರ ಸಣ್ಣ ಕರುಳು ಅದನ್ನು ಪೂರ್ತಿಯಾಗಿ ಹೀರಿಕೊಳ್ಳಲಾರದು. ಆರು ಹಣ್ಣುಗಳನ್ನು ಯಂತ್ರದಲ್ಲಿ ತಿರುವಿ ಒಂದೇ ಲೋಟದಲ್ಲಿ ಕುಡಿದವರು ಉಬ್ಬರಕ್ಕೆ ಮೊಳಕೆಯನ್ನು ದೂರುವುದುಂಟು. ಸೌತೆ, ಕ್ಯಾರೆಟ್, ಟೊಮೇಟೊ, ಪಪ್ಪಾಯಿ, ಕಿತ್ತಳೆ, ದ್ರಾಕ್ಷಿಗಳು ಸಾಮಾನ್ಯವಾಗಿ ಸೌಮ್ಯ. ಒಂದೊಂದನ್ನೇ ಮೂರು ನಾಲ್ಕು ದಿನ ಬಿಟ್ಟು ನೋಡಿ ಕಾರಣವನ್ನು ಪತ್ತೆಹಚ್ಚಬೇಕು. ಹಾಲು ಬಿಟ್ಟ ಮೇಲೆ ಹೊಟ್ಟೆ ಹಗುರವಾಯಿತೆಂದು ಹೇಳುವವರ ಅನುಭವವೂ ಸುಳ್ಳಲ್ಲ. ಹಾಲಿನ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಕುಂದಿದ ವಯಸ್ಕರು ನಮ್ಮ ದೇಶದಲ್ಲಿ, ಅದರಲ್ಲೂ ದಕ್ಷಿಣದಲ್ಲಿ, ಬಹಳ ಮಂದಿ.

ಶುಚಿತ್ವದ ಮಾತನ್ನು ಕಡೆಗಣಿಸುವಂತಿಲ್ಲ. ಮೊಳಕೆಗೆ ಹಿತವಾದ ತೇವ ಮತ್ತು ಬೆಚ್ಚಗಿನ ವಾತಾವರಣವೇ ರೋಗಾಣುಗಳಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಹಸಿ ಮೊಳಕೆಯಿಂದ ಹಬ್ಬಿದ ಇ. ಕೋಲಿ ಸೋಂಕಿಗೆ ಸಾವಿರಾರು ಜನ ಗುರಿಯಾಗಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಶುಚಿತ್ವಕ್ಕೆ ಹೆಸರಾದ ದೇಶದಲ್ಲೇ ಹೀಗಾದರೆ ಮುಂಗಾರಿನ ಮುಂಬಯಿಯಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಊಹಿಸಬಹುದು. ಕುದಿಸಿ ಆರಿಸಿದ ನೀರಿನಲ್ಲೇ ನೆನೆಹಾಕಿ ತೊಳೆಯಬೇಕು. ಬಟ್ಟೆಯನ್ನು ಪ್ರತಿ ಸಲ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಬೇಕು. ಲೋಳೆ ಕಟ್ಟಿದ, ವಾಸನೆ ಬಂದ ಮೊಳಕೆಯನ್ನು ಎಸೆಯಬೇಕು. ರಸ್ತೆಬದಿಯಲ್ಲಿ ನಿಂಬೆ ಹಿಂಡಿ ಕೊಡುವ ಹಸಿ ಮೊಳಕೆಯನ್ನು ಮಳೆಗಾಲದಲ್ಲಿ ಮುಟ್ಟದಿರುವುದೇ ಕ್ಷೇಮ. ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು, ರೋಗದಿಂದ ನಿತ್ರಾಣರಾದವರು ಹಸಿ ಮೊಳಕೆಯನ್ನು ಯಾವ ಕಾಲದಲ್ಲೂ ತಿನ್ನಬಾರದು.

ಇವರ ಪೈಕಿ ಗರ್ಭಿಣಿಯರ ವಿಷಯ ಇನ್ನೂ ಗಂಭೀರ. ಬಸುರಿನ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ 22 ಗ್ರಾಂನಷ್ಟು, ಬಾಣಂತನದ ಮೊದಲ ಆರು ತಿಂಗಳಲ್ಲಿ 17 ಗ್ರಾಂನಷ್ಟು ಹೆಚ್ಚುವರಿ ಸಸಾರಜನಕ ಬೇಕು. ಹೊಟ್ಟೆಯಲ್ಲಿ ಸ್ಥಳವೇ ಕಡಿಮೆಯಿರುವ ಕಾಲದಲ್ಲಿ ಇಷ್ಟನ್ನು ಹಸಿ ಸಸ್ಯಾಹಾರದಿಂದ ಹೊಂದಿಸುವುದು ದುಸ್ಸಾಧ್ಯ. ಬೆಳೆಯುವ ಮಕ್ಕಳಿಗೂ ಇದೇ ಮಾತು. ತರುಣಿಯರೂ ಜಾಗರೂಕರಾಗಿರಬೇಕು. ಬಹುಕಾಲ ಹಸಿ ಆಹಾರವನ್ನೇ ಅವಲಂಬಿಸಿದ ಐನೂರಕ್ಕೂ ಹೆಚ್ಚು ಜನರನ್ನು ಜರ್ಮನಿಯ ಗೀಸೆನ್ನಿನ ಸಂಶೋಧಕರು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ವರದಿಯಂತೆ, ನಲವತ್ತೈದು ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿಗೆ ಮುಟ್ಟು ಏರುಪೇರಾಗಿತ್ತು ಅಥವಾ ನಿಂತೇಹೋಗಿತ್ತು. ತೂಕ ಇಳಿದುದನ್ನು ಕಂಡು ಹಿಗ್ಗುವ ಮನೆಯವರು ಈ ಸೂಚನೆಯನ್ನು ಗಮನಿಸದೆ ಹೋಗುವುದುಂಟು. ಬಿ-12 ಜೀವಸತ್ವವನ್ನು ಸಸ್ಯಾಹಾರದಿಂದ ನೆಚ್ಚಿಕೆಯಾಗಿ ಪಡೆಯುವ ದಾರಿಯೇ ಇಲ್ಲ. ಸ್ಪೈರುಲಿನ ಎಂಬ ಪಾಚಿಯಲ್ಲಿ ಅದು ಇದೆಯೆಂದು ಪ್ರಚಾರವಿದ್ದರೂ ಅದರಲ್ಲಿರುವುದರ ಬಹುಭಾಗ ದೇಹಕ್ಕೆ ಉಪಯೋಗವಾಗದ ರೂಪದ್ದು. ಹಾಲನ್ನೂ ಬಿಟ್ಟವರು ವೈದ್ಯರ ಸಲಹೆಯಂತೆ ಬಿ-12 ಗುಳಿಗೆಯನ್ನು ತಪ್ಪದೆ ಸೇವಿಸಬೇಕು. ಕೈಕಾಲು ಜುಮುಗುಡುವುದು, ನಾಲಿಗೆ ಉರಿ, ಬೇಗ ದಣಿವು, ಮರೆವು ಇವು ಅದರ ಕೊರತೆಯ ಲಕ್ಷಣಗಳು; ತಡಮಾಡಿದರೆ ನರಗಳಿಗಾದ ಹಾನಿ ಶಾಶ್ವತವಾಗಬಹುದು.

ಇಷ್ಟೆಲ್ಲ ಲೆಕ್ಕಾಚಾರವನ್ನು ನಿತ್ಯ ನಡೆಸಲಾರದವರಿಗೆ ಸುಲಭವಾದ ನಡುದಾರಿಯೊಂದು ಇದೆ. ಹಣ್ಣು, ಸೌತೆ, ಕ್ಯಾರೆಟ್, ಸೊಪ್ಪು, ಬೀಜಗಳೆಲ್ಲ ಹಸಿಯಾಗಿಯೇ ಇರಲಿ; ಕಾಳು ಮಾತ್ರ ಹತ್ತು ಹದಿನೈದು ನಿಮಿಷ ಹಬೆಯಲ್ಲಿ ಬೆಂದು ಬರಲಿ. ಮೊಳಕೆ ಬಂದ ಹೆಸರು, ಮಡಕಿಗಳು ಅಷ್ಟರಲ್ಲಿ ಮೆತ್ತಗಾಗುತ್ತವೆ. ರೋಗಾಣುಗಳು ಸಾಯುತ್ತವೆ, ಸಸಾರಜನಕ ಹೆಚ್ಚು ದಕ್ಕುತ್ತದೆ, ಎರಡು ಚಮಚದ ಜಾಗದಲ್ಲಿ ಒಂದು ಬಟ್ಟಲು ತಿಂದರೂ ಹೊಟ್ಟೆ ಮುನಿಯುವುದಿಲ್ಲ. ಹೋಗುವುದು ‘ಸಿ’ ಜೀವಸತ್ವದ ಒಂದು ಪಾಲು. ಅದನ್ನು ನಿಂಬೆಹಣ್ಣು ತುಂಬಿಕೊಡುತ್ತದೆ. ಒಲೆಯನ್ನು ಹೊತ್ತಿಸಿದ್ದರಿಂದ ಪ್ರಾಣಿದಯೆಯ ವ್ರತಕ್ಕಾಗಲಿ ಸಸ್ಯಾಹಾರದ ನಿಷ್ಠೆಗಾಗಲಿ ಭಂಗವಿಲ್ಲ.

ಮೇಲಿನ ಕ್ರಮಗಳಿಂದ ಎರಡು ಮೂರು ವಾರಗಳಲ್ಲಿ ತಗ್ಗದ ಉಬ್ಬರವನ್ನು ಆಹಾರದ ದೋಷವೆಂದು ತಳ್ಳಿಹಾಕಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಾತ್ರಿ ನಿದ್ದೆಗೆಡಿಸುವ ಭೇದಿ, ಮೇಲಿಂದ ಮೇಲೆ ವಾಂತಿ, ಬಿಡದ ಹೊಟ್ಟೆನೋವು ಇವುಗಳಲ್ಲಿ ಒಂದು ಕಂಡರೂ ವೈದ್ಯರ ಬಳಿಗೆ ಹೋಗಬೇಕು. ಐವತ್ತು ದಾಟಿದ ಹೆಂಗಸರಲ್ಲಿ ಹೊಸದಾಗಿ ಆರಂಭವಾಗಿ ದಿನವೂ ಉಳಿಯುವ ಉಬ್ಬರ ಅಂಡಾಶಯದ ಕಾಯಿಲೆಯ ಮೊದಲ ಸೂಚನೆಯಾಗಿರಬಹುದಾದ್ದರಿಂದ ಅವರು ಪರೀಕ್ಷೆಯನ್ನು ಮುಂದೂಡಬಾರದು. ಮೂತ್ರಪಿಂಡದ ರೋಗವಿರುವವರು ಸಸಾರಜನಕವನ್ನು ಹೆಚ್ಚಿಸುವ ಮೊದಲು, ಸಕ್ಕರೆ ಕಾಯಿಲೆಗೆ ಔಷಧ ಸೇವಿಸುತ್ತಿರುವವರು ಆಹಾರಕ್ರಮವನ್ನು ಬದಲಿಸುವ ಮೊದಲು ತಮಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಕೇಳಬೇಕು. ಕಾಳು, ಹಣ್ಣು, ಬೀಜಗಳನ್ನು ಎಷ್ಟೆಷ್ಟು ತಿನ್ನುತ್ತಿದ್ದಾರೆಂಬುದನ್ನು ಒಂದು ವಾರ ಬರೆದಿಟ್ಟುಕೊಂಡು ಆ ಹಾಳೆಯನ್ನು ಜೊತೆಗೆ ಒಯ್ದರೆ ವೈದ್ಯರಿಗೆ ಕಾರಣವನ್ನು ಗುರುತಿಸುವುದು ಸುಲಭವಾಗುತ್ತದೆ.